ಚಿದಾನಂದನ ಸಬ್‌ಗ್ರೂಪ್

ಗಣಿತ ವಿಭಾಗದಲ್ಲಿ ಖಾಲಿಯಿದ್ದದ್ದು ಒಂದೇ ಹುದ್ದೆ. ಅರ್ಜಿ ಹಾಕಿದ್ದ ತಾರಿಣಿ, ಚಿದಾನಂದ ಇಬ್ಬರೂ ಒಬ್ಬರೇ ಮೇಷ್ಟ್ರ ಶಿಷ್ಯರು. ಟೆನ್ಸರ್ ಕೆಟಗರಿಗಳ ನೆರವಿನಿಂದ, ಬೇರೆ ಬೇರೆ ದಾರಿಯಲ್ಲಿ, ಇಬ್ಬರೂ ಕ್ವಾಂಟಮ್ ಸಬ್‌ಗ್ರೂಪ್ ಎಂಬ ಅಮೂರ್ತ ಗಣಿತ ರಚನೆಯನ್ನು ಹೊಸದಾಗಿ ಒಂದೊಂದು ಕಟ್ಟಿದ್ದರು. ಅದೇನು ಕಣ್ಣಿಗೆ ಕಾಣುವ ವಸ್ತುವಲ್ಲ; ಇದೆಯೆಂದು ಸಾಧಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಸಂದರ್ಶನದ ಹಿಂದಿನ ದಿನ ತಾರಿಣಿ ಮೇಷ್ಟ್ರ ಕೋಣೆಗೆ ಬಂದಳು.

“ಹೇಳೋಕೆ ಸಂಕಟ ಆಗುತ್ತೆ ಸರ್. ಚಿದಾನಂದನ ಸಬ್‌ಗ್ರೂಪ್ ಇರೋಕೆ ಸಾಧ್ಯವೇ ಇಲ್ಲ.”

ಬೋರ್ಡಿನ ಮೇಲಿದ್ದುದನ್ನು ಓದದೆಯೇ ಅಳಿಸಿ, ತನ್ನ ಪ್ರೂಫ್ ಬರೆದಳು. ಮೇಷ್ಟ್ರು ಸಾಲು ಸಾಲಿಗೂ ಬೆರಳಿಟ್ಟು ನೋಡಿದರು. ಎಲ್ಲೂ ತಪ್ಪಿರಲಿಲ್ಲ.

“ಅವನಿಗೆ ಹೇಳಿದ್ಯಾ?”

“ಇಲ್ಲ ಸರ್. ನಾಳೆ ಸಮಿತಿ ಮುಂದೆ ನೀವೇ ಹೇಳಿದ್ರೆ ಒಳ್ಳೇದು.”

“ಬೆಳಿಗ್ಗೆ ಅವನೂ ಬಂದಿದ್ದ.”

ತಾರಿಣಿಯ ಮುಖ ಬಿಗಿಯಿತು. “ನನ್ನ ಮೇಲೆ ಚಾಡಿ ಹೇಳೋಕಾ?”

“ಇಲ್ಲಮ್ಮ. ಮೊದಲು ಕಂಡವಳು ನೀನು, ಹುದ್ದೆ ನಿನಗೇ ಸಲ್ಲಬೇಕು ಅಂತ ಅರ್ಜಿ ವಾಪಸ್ ತಗೊಂಡ.”

“ನಾನು ಮೊದಲು ಕಂಡಿದ್ದಾ? ಏನನ್ನ?”

ಮೇಷ್ಟ್ರು ಅವಳ ಕೈಲಿದ್ದ ಡಸ್ಟರನ್ನೇ ನೋಡುತ್ತ ಹೇಳಿದರು: “ಆಗಲೇ ಅಳಿಸಿದ್ಯಲ್ಲ, ಅದು ಅವನು ಬರೆದಿಟ್ಟು ಹೋದ ಪ್ರೂಫು. ಅವನದೂ ನಿನ್ನದೂ ಒಂದೇ ಸಬ್‌ಗ್ರೂಪ್ ಅಂತ.”