ಅಡ್ಡ ನಿಂತ ಫೋಪ್ಪೆ

೨೦೨೪ರ ಅಕ್ಟೋಬರ್ ೧೨, ಶನಿವಾರ, ಬೆಳಿಗ್ಗೆ ೧೦ ಗಂಟೆ ೪೦ ನಿಮಿಷ. ಹಾಯಿದೋಣಿಗಳಿಗೆ ಹೆಸರಾದ ಸ್ನೇಕ್ ಊರಿನ ಅರವತ್ತು ದಾಟಿದವರು ಓಡದೆ, ನಡೆದೇ ಆಡುವ ಫುಟ್‌ಬಾಲ್‌ನಲ್ಲಿ ಮಿಡ್‌ಫೀಲ್ಡರ್ ಫೋಪ್ಪೆ ಮೂರನೇ ಸಲ ಚೆಂಡು ಕಳೆದುಕೊಂಡ. ಬೆನ್ನ ಹಿಂದೆ ಬಂದ ಎದುರಾಳಿ ಅವನಿಗೆ ಕಂಡಿರಲೇ ಇಲ್ಲ.

"ಹಿಂದೆ ನೋಡೋ! ಇನ್ನೊಂದ್ಸಲ ಕಳ್ಕೊಂಡ್ರೆ ಆಚೆ ಹೋಗಿ ಕಾಫಿ ಕಾಯಿಸು," ಎಂದು ನಾಯಕ ಹಾರ್ಮೆನ್ ಗದರಿದ.

"ಕತ್ತು ತಿರುಗಿದ್ರೆ ತಾನೇ ನೋಡೋದು?"

ಅವರದೇ ತಂಡದ ರಕ್ಷಣೆಯಲ್ಲಿದ್ದ ರೆನ್ಸ್ಕೆ ಚೆಂಡು ಕಸಿದುಕೊಂಡು ಕೂಗಿದಳು: "ದೋಣಿಲಿ ಚುಕ್ಕಾಣಿ ಹಿಡಿದಾಗ ಹೆಂಗೆ ಕೂತ್ಕೋತೀಯೋ?"

"ಅಡ್ಡಡ್ಡ. ಹಿಂದೂ ಮುಂದೂ ಕಾಣ್ಬೇಕಲ್ಲ."

"ಇಲ್ಲೂ ಹಂಗೇ ನಿಂತ್ಕೋ, ಮಾರಾಯ!" ಎನ್ನುತ್ತಲೇ ಚೆಂಡನ್ನು ಅವನತ್ತ ತಳ್ಳಿಬಿಟ್ಟಳು.

ಫೋಪ್ಪೆ ಎಡಭುಜವನ್ನು ಅವಳತ್ತ, ಬಲಭುಜವನ್ನು ಎದುರಾಳಿಗಳ ಗೋಲಿನತ್ತ ಮಾಡಿ ನಿಂತ. ಕತ್ತು ತುಸುವೇ ಹೊರಳಿದರೂ ಇಡೀ ಮೈದಾನ ಕಣ್ಣಿಗೆ ಬಿತ್ತು: ಬಿರುನಡಿಗೆಯಲ್ಲಿ ಬರುತ್ತಿದ್ದ ಎದುರಾಳಿ, ಅವನಾಚೆ ಒಂಟಿಯಾಗಿ ನಿಂತ ಹಾರ್ಮೆನ್. ಚೆಂಡು ಬಲಗಾಲಿನವರೆಗೆ ಹರಿದು ಬರಲೆಂದು ಬಿಟ್ಟು, ಅದೇ ಕಾಲಿನಿಂದ ಮುಂದಕ್ಕೆ ತಳ್ಳಿದ. ಎದುರಾಳಿ ಗಾಳಿಯನ್ನು ಒದ್ದ. ಹಾರ್ಮೆನ್ ಗೋಲು ಬಾರಿಸಿದ.

ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗ, ಸರ್ವೇಯರನಾಗಿ ನಿವೃತ್ತನಾಗಿದ್ದ ಫೋಪ್ಪೆ ಮಾತ್ರ ತನ್ನ ಪಾಸಿನ ಜಾಡು ಹಿಡಿದು ಹೆಜ್ಜೆ ಎಣಿಸುತ್ತ ನಡೆದ. ಹೆಜ್ಜೆಗೊಂದರಂತೆ ಹನ್ನೊಂದು ಮೀಟರ್.