ಸೊಸೆ ಕೊಟ್ಟ ಥರ್ಮಲ್

ರೇಣವ್ವ ಮದುವೆಯಾಗಿ ಬಂದು ವರ್ಷವಾಗಿತ್ತು... ಮಾವ ಹಾಲಪ್ಪನವರ ಜೊತೆ ಇನ್ನೂ ಒಂದು ಮಾತೂ ಆಡಿರಲಿಲ್ಲ.

ಜಗಳವೇನಿಲ್ಲ. ಗದಗ ಸೀಮೆಯ ಆ ಮನೆಯಲ್ಲಿ ಸೊಸೆ ಮಾವನೆದುರು ಮಾತಾಡುವ ರೂಢಿಯಿಲ್ಲ, ಅಷ್ಟೇ.

ಮಾವ ಒಳಗೆ ಬಂದರೆ ಇವಳು ಸೆರಗು ಎಳೆದುಕೊಂಡು ಅಡುಗೆಮನೆಗೆ... ಇವಳು ಹೊರಗೆ ಬಂದರೆ ಅವರು ಎದ್ದು ಕಟ್ಟೆಗೆ. ತನ್ನನ್ನು ಕಂಡರೆ ಇವರಿಗೆ ಆಗುವುದಿಲ್ಲವೇನೋ ಎಂದೇ ರೇಣವ್ವ ಅಂದುಕೊಂಡಿದ್ದಳು.

ಹಾಲಪ್ಪನವರು ಕುರಿಗಾರರು. ಬೆಳೆ ಕೊಯ್ದ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ಹಿಂಡನ್ನು ತರುಬಿ ನಿಲ್ಲಿಸಿ, ಪಕ್ಕದ ಬಯಲಲ್ಲೇ ಕಂಬಳಿ ಹೊದ್ದು ಮಲಗುವುದು ಅವರ ಕಾಯಕ.

ಹೋದ ಚಳಿಗಾಲ ಎದೆಗೆ ಥಂಡಿ ಇಳಿದು ಆಸ್ಪತ್ರೆ ಸೇರಿದ್ದರು. ಇನ್ನೊಮ್ಮೆ ಹೀಗಾದರೆ ಕುರಿ ಮಾರಿ ಮನೆಯಲ್ಲಿರಬೇಕು ಎಂದು ಡಾಕ್ಟರ್ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

ಕುರಿಗಳ ಸದ್ದಿಲ್ಲದೆ ಆ ಮನುಷ್ಯನಿಗೆ ಬೆಳಗಾಗುವುದೇ ಇಲ್ಲ ಎಂಬುದು ರೇಣವ್ವನಿಗೆ ಗೊತ್ತಿತ್ತು...

ಈ ಸಲ ಚಳಿ ಶುರುವಾದೊಡನೆ ಪೇಟೆಗೆ ಹೋಗಿ, ಚಳಿಗೆ ಮೈ ಬೆಚ್ಚಗಿಡುವ ಥರ್ಮಲ್ ಕೇಳಿದಳು. ಯಾರಿಗೆ ಎಂದು ಅಂಗಡಿಯವರು ಕೇಳಿದರೆ ಮುಖ ಕೆಂಪಾಯಿತು. ಮಾವನಿಗೆ ಒಳಬಟ್ಟೆ ಎಂದು ಬಾಯಿಬಿಟ್ಟು ಹೇಳುವುದು ಹೇಗೆ?

ಸೈಜ್ ಕೇಳಿದಾಗಂತೂ ಫಜೀತಿ. ಮಾವನನ್ನು ಅವಳು ತಲೆಯೆತ್ತಿ ನೋಡಿದ್ದಾದರೂ ಯಾವಾಗ?

ಕಡೆಗೆ ಪಕ್ಕದಲ್ಲಿ ಟವೆಲ್ ಆರಿಸುತ್ತಿದ್ದ ಗಿರಾಕಿಯನ್ನು ತೋರಿಸಿ, "ಆ ಅಣ್ಣಾರಷ್ಟ ಎತ್ತರ ಅದಾರ್ರಿ... ಹೊಟ್ಟಿ ಒಂದ ಇಲ್ಲ" ಎಂದಳು.

ಆ ಅಣ್ಣ ಮೆಲ್ಲಗೆ ಹೊಟ್ಟೆ ಒಳಗೆಳೆದುಕೊಂಡರು.

ಅಂಗಡಿಯವರು ನಗುತ್ತಲೇ ನಾಲ್ಕಾರು ಥರದ್ದು ಹರಡಿದರು. ಸಡಿಲ ಇದ್ದರೆ ಗಾಳಿ ನುಗ್ಗುತ್ತದೆ, ಮೈಗೆ ಅಂಟಿದಂತಿರಬೇಕು... ಅಂಗಿಯ ಒಳಗೆ, ಬರಿ ಮೈಗೇ ಹಾಕಬೇಕು ಎಂದೆಲ್ಲ ಬಿಡಿಸಿ ಹೇಳಿದರು.

ರೇಣವ್ವ ಒಂದೊಂದನ್ನೂ ಒಳಮೈ ತಿರುವಿ ಕೆನ್ನೆಗೆ ಉಜ್ಜಿ ನೋಡಿದಳು. ಒಂದು ಚುಚ್ಚಿತು. ಇನ್ನೊಂದು ತೀರಾ ತೆಳು. ಕಡೆಗೆ ಮರಿಯ ಉಣ್ಣೆಯಷ್ಟು ಮೆತ್ತಗಿದ್ದ ಒಂದು ಜೊತೆ ಸಿಕ್ಕಿತು, ಅಂಗಿ ಮತ್ತು ಪ್ಯಾಂಟು. ಮಣ್ಣಾದರೂ ಕಾಣದಿರಲಿ ಎಂದು ಕುಂಕುಮದ ಬಣ್ಣದ್ದನ್ನೇ ಆರಿಸಿದಳು.

ಆದರೆ ಹೇಗೆ ಹಾಕಬೇಕೆಂದು ಮಾವನಿಗೆ ಹೇಳುವವರು ಯಾರು? ಗಂಡ ಲಾರಿ ಡ್ರೈವರ್, ಊರಲ್ಲಿರಲಿಲ್ಲ. ರೊಟ್ಟಿಯ ಬುತ್ತಿ ಜೊತೆ ಗಂಟು ಕಟ್ಟಿ, ಹೊಲದ ಕಡೆ ಹೊರಟಿದ್ದ ನೆರೆಮನೆಯವರ ಕೈಯಲ್ಲಿ ಸುಮ್ಮನೆ ಕಳಿಸಿಬಿಟ್ಟಳು.

ಕೆಲವು ದಿನಗಳ ಮೇಲೆ ನೆರೆಮನೆಯವರು ಇರಲಿಲ್ಲ. ಅವಳೇ ಬುತ್ತಿ ಹೊತ್ತು ಹೋಗಬೇಕಾಯಿತು.

ದೂರದಿಂದಲೇ ಕುಂಕುಮದ ಬಣ್ಣ ಕಂಡಿತು...

ಮಾವ ಬಿಳಿ ಅಂಗಿಯ ಮೇಲೆ ಥರ್ಮಲ್ ಹಾಕಿಕೊಂಡು ಎದೆಯುಬ್ಬಿಸಿ ನಿಂತಿದ್ದರು. ಪ್ಯಾಂಟು ತಲೆಗೆ ರುಮಾಲಾಗಿತ್ತು. ಅದರ ಎರಡು ಕಾಲು ಎರಡು ಕಿವಿಯ ಪಕ್ಕ ಜೋತಾಡುತ್ತಿದ್ದವು.

ಜೊತೆಯ ಕುರಿಗಾರ ಯಮನಪ್ಪ ಬಿದ್ದು ಬಿದ್ದು ನಗುತ್ತಿದ್ದ. ರೇಣವ್ವನಿಗೂ ನಗು ತಡೆಯಲಾಗಲಿಲ್ಲ... ಅಷ್ಟರಲ್ಲಿ ಮಾವ ಕೆಮ್ಮಿದರು.

ಒಣ ಕೆಮ್ಮು. ಹೋದ ವರ್ಷವೂ ಹೀಗೇ ಶುರುವಾಗಿತ್ತು.

ಅವಳ ನಗು ಅಲ್ಲೇ ನಿಂತಿತು. ರೂಢಿಯಂತೆ ಸೆರಗು ಎಳೆದುಕೊಂಡಳು. ಆದರೂ ಬಾಯಿ ತೆರೆದಳು... ಮೊದಲ ಸಲ.

"ಮಾವಾರ... ಅದು ಅಂಗಿ ಒಳಗ ಹಾಕ್ಕೊಳ್ಳೂದ್ರಿ."

ಮೊದಲ ದಿನದಿಂದ ತಾನೂ ಇದನ್ನೇ ಬಡಕೊಳ್ಳುತ್ತಿದ್ದೇನೆ, ಈ ಮನುಷ್ಯ ಕೇಳಬೇಕಲ್ಲ ಎಂದು ಯಮನಪ್ಪ ಗೊಣಗಿದ.

ಮಾವ ನೆಲ ನೋಡುತ್ತ ನಿಂತರು.

"ಗೊತ್ತೈತಿ ಯವ್ವಾ... ಒಳಗ ಹಾಕ್ಕೊಂಡ್ರ ಯಾರಿಗೆ ಕಾಣತೈತಿ? ನಿಮ್ಮತ್ತಿ ಹೋದ ಮ್ಯಾಲ, ನಿನಗ ಚಳಿ ಆಗತೈತೇನು ಅಂತ ಯಾರೂ ಕೇಳಿಲ್ಲ. ನನ್ನ ಸೊಸಿ ಕೇಳ್ಯಾಳ ಅಂತ ನಾಲ್ಕು ಮಂದಿಗೆ ಕಾಣಲಿ ಅಂದೆ..."

ರೇಣವ್ವನ ಕಣ್ಣು ತುಂಬಿ ಬಂತು. ವರ್ಷವಿಡೀ ತಾನು ಅಂದುಕೊಂಡದ್ದೇನು... ಇಲ್ಲಿ ಇದ್ದದ್ದೇನು!

"ಮಂದಿಗೆ ಕಾಣೂದು ಬ್ಯಾಡ್ರಿ ಮಾವಾರ. ನಿಮ್ಮ ಮೈಗೆ ತಾಗಲಿ. ನಮ್ಮ ಕುರಿ ಮಾರೂದು ಬ್ಯಾಡ್ರಿ."

ಮಾವ ತಲೆಯ ಮೇಲಿನ ಪ್ಯಾಂಟು ಬಿಚ್ಚಿಕೊಂಡು ಜಾಲಿ ಗಿಡದ ಮರೆಗೆ ಹೋದರು.

ತಿರುಗಿ ಬಂದಾಗ ಬರೀ ಬಿಳಿ ಅಂಗಿ, ಧೋತರ, ಹೆಗಲ ಮೇಲೆ ಕಂಬಳಿ. ಸೊಸೆ ಕೊಟ್ಟ ಅಂಗಿ ಎಲ್ಲಿ ಹೋಯಿತೆಂದು ಯಮನಪ್ಪ ಕಾಲೆಳೆದ.

ಹಾಲಪ್ಪನವರು ಎದೆ ತಟ್ಟಿಕೊಂಡರು. "ಒಳಗೈತಿ." ಆಮೇಲೆ ಗತ್ತಿನಿಂದ ಸೇರಿಸಿದರು, "ಪ್ಯಾಂಟೂ ಐತಿ."

ಕೆಮ್ಮು ಎದೆಗೆ ಇಳಿಯಲಿಲ್ಲ. ಆ ಚಳಿಗಾಲ ಕುರಿಗಳೂ ಉಳಿದವು, ಮರಿಗಳೂ ಸೇರಿಕೊಂಡವು.

ಈಗ ಮಾವ ಊರಿಗೆ ಬಂದರೆ ಸೊಸೆ ಅಡುಗೆಮನೆಗೆ ಓಡುವುದಿಲ್ಲ... ಕಟ್ಟೆಯ ಮೇಲಿಂದ ಅವರೇ ಕೂಗಿ ಕೇಳುತ್ತಾರೆ.

"ಯವ್ವಾ... ನಿನಗ ಚಳಿ ಆಗತೈತೇನು?"

ಪ್ರೀತಿ ನಾಲ್ಕು ಜನರ ಕಣ್ಣಿಗೆ ಕಾಣಬೇಕಾಗಿಲ್ಲ... ಒಬ್ಬರ ಮೈಗೆ ತಾಗಿದರೆ ಸಾಕು.

ನಿಮ್ಮ ಮನೆಯವರನ್ನು "ಚಳಿ ಆಗ್ತಿದೆಯಾ" ಎಂದು ನೀವು ಕೊನೆಯ ಸಲ ಕೇಳಿದ್ದು ಯಾವಾಗ?