ಇಪ್ಪತ್ತನೆಯ ಚೀಟಿ

ತರಬೇತಿಗೆ ಬಂದಿದ್ದ ಇಪ್ಪತ್ತು ಮೇಷ್ಟ್ರುಗಳಿಗೂ ಅಧಿಕಾರಿ ಒಂದೊಂದು ಚೀಟಿ ಹಂಚಿದರು.

"ಹೆಸರು ಬೇಡ. ಈ ಕೋಣೆಯಲ್ಲಿರೋ ಅರ್ಧ ಜನಕ್ಕಿಂತ ನೀವು ಬುದ್ಧಿವಂತರಾ? ಹೌದು, ಇಲ್ಲ, ಅಷ್ಟೇ ಬರೆದುಕೊಡಿ."

ಗಣಿತದ ಅಡವೀಶಯ್ಯನವರು 'ಹೌದು' ಎಂದು ಬರೆದು, ಅದರ ಕೆಳಗೆ ಎರಡು ಗೆರೆಯನ್ನೂ ಎಳೆದು ಕೊಟ್ಟರು. ಆಮೇಲೆ ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ.

"ನೋಡ್ತಾ ಇರಿ, ಎಲ್ಲಾ ಹೌದು ಅಂತಲೇ ಬರೆದಿರ್ತಾರೆ," ಎಂದು ಪಕ್ಕದ ಡ್ರಾಯಿಂಗ್ ಮೇಷ್ಟ್ರ ಕಿವಿಯಲ್ಲಿ ಗೊಣಗಿದರು. "ಲೆಕ್ಕದ ಪ್ರಕಾರ ಹೌದು ಅನ್ನೋರು ಹತ್ತು ಜನಕ್ಕಿಂತ ಜಾಸ್ತಿ ಇರೋ ಹಾಗೇ ಇಲ್ಲ. ತಮ್ಮ ತಲೆಯಲ್ಲಿ ಎಷ್ಟಿದೆ ಅಂತ ಯಾರಿಗ್ರೀ ಗೊತ್ತಿರುತ್ತೆ?"

"ಹೂಂ ಸಾರ್," ಎಂದರು ಡ್ರಾಯಿಂಗ್ ಮೇಷ್ಟ್ರು.

ಅಧಿಕಾರಿ ಎಲ್ಲ ಚೀಟಿಗಳನ್ನೂ ಬಿಡಿಸಿ ನೋಡಿ ಮುಗಿಸಿದರು. "ಹತ್ತೊಂಬತ್ತು ಹೌದು. ಒಂದೇ ಒಂದು ಇಲ್ಲ."

ಅಡವೀಶಯ್ಯನವರಿಗೆ ನಗು ತಡೆಯಲಾಗಲಿಲ್ಲ. ಆ ಒಬ್ಬ ಪುಣ್ಯಾತ್ಮ ಯಾರಿರಬಹುದೆಂದು ಕತ್ತು ಹೊರಳಿಸಿ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಹೋದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು.

ಡ್ರಾಯಿಂಗ್ ಮೇಷ್ಟ್ರು ಮೆಲ್ಲಗೆ ಅವರ ಕೈ ಹಿಡಿದುಕೊಂಡರು.

"ಬೇಜಾರು ಮಾಡ್ಕೋಬೇಡಿ ಸಾರ್. ನಿಜ ಬರೆಯೋದಕ್ಕೂ ಧೈರ್ಯ ಬೇಕು."